ಅತ್ತೆಯ ಹಾಡಿಗೆ ಏಳು ಪ್ಲಗಿನ್‌ಗಳು

"ಒಂದು ಹಾಡು ರೆಕಾರ್ಡ್ ಮಾಡೋದು ಏನು ಮಹಾ ಬ್ರಹ್ಮವಿದ್ಯೆನಾ? ನಾನೇ ಮಾಡ್ತೀನಿ!"

ಹೊಲಿಗೆ ಟೀಚರ್ ಹೀಗೆ ಘೋಷಿಸಿದ ಶುಕ್ರವಾರ ಸಂಜೆ, ಆಕೆಯ ಗಂಡ ಔಷಧದ ಅಂಗಡಿಯ ಕೆಲಸ ಮುಗಿಸಿ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಚಪ್ಪಲಿ ಬಿಡುವುದೋ, ಹಾಗೇ ತಿರುಗಿ ಅಂಗಡಿಗೆ ಹೋಗುವುದೋ ಎಂದು ಒಂದು ಗಳಿಗೆ ಯೋಚಿಸಿದ.

"ನಿನ್ನ ತಮ್ಮ ಇದಾನಲ್ಲ, ಅವನಿಗೆ ಹೇಳಿದ್ರೆ ಆಗಲ್ವಾ? ಅವನಿಗೆ ದಿನಾ ಅದೇ ಕೆಲಸ."

"ಅವನು ಮೈಕು, ಸ್ಪೀಕರ್ ಬಾಡಿಗೆಗೆ ಕೊಡೋನು ಕಣ್ರೀ. ಸಾವಿರ ಜನಕ್ಕೆ ಕೇಳೋ ಹಾಗೆ ಅರಚಿಸೋಕೆ ಬರುತ್ತೆ ಅವನಿಗೆ. ಇದು ಅತ್ತೆ ಹಾಡು. ನಾಜೂಕಿನ ಕೆಲಸ."

ನಾಜೂಕಿನದು ಎಂಬುದಂತೂ ನಿಜ. ಅತ್ತೆಯ ಗಂಟಲಲ್ಲಿ ಒಂದು ಸಣ್ಣ ಗಂಟು ಕಾಣಿಸಿಕೊಂಡಿತ್ತು. ಸೋಮವಾರ ಬೆಳಿಗ್ಗೆ ಆಪರೇಷನ್. "ಮಾತು ಬರುತ್ತೆ, ಹೆದರಬೇಡಿ. ಹಾಡೋಕೆ ಆಗುತ್ತೋ ಇಲ್ವೋ, ಅದನ್ನ ಮಾತ್ರ ಈಗಲೇ ಹೇಳೋಕಾಗಲ್ಲ" ಎಂದಿದ್ದರು ಡಾಕ್ಟರು. ಶನಿವಾರ ಮಧ್ಯಾಹ್ನದಿಂದಲೇ ಪೂರ್ತಿ ಮೌನ. ಆಪರೇಷನ್ ಆಗಿ ಹತ್ತು ದಿನದವರೆಗೂ ಒಂದಕ್ಷರ ಆಡುವಂತಿಲ್ಲ ಎಂದೂ ಕಟ್ಟಪ್ಪಣೆ ಮಾಡಿದ್ದರು.

ಅತ್ತೆ ಪ್ರತಿದಿನ ಬೆಳಿಗ್ಗೆ ಒಂದು ಪ್ರಾರ್ಥನೆ ಹಾಡುತ್ತಿದ್ದರು. ತಾಯಿಯಿಂದ ಕಲಿತದ್ದು. ಯಾವ ಪುಸ್ತಕದಲ್ಲೂ ಇಲ್ಲ. ಸೊಸೆಗೆ ಸಾಹಿತ್ಯ ಬಾಯಿಪಾಠವಾಗಿತ್ತು, ಆದರೆ ಆ ರಾಗ ಮಾತ್ರ ಇಪ್ಪತ್ತು ವರ್ಷ ಕೇಳಿದರೂ ಆಕೆಯ ಗಂಟಲಿಗೆ ಇಳಿದಿರಲಿಲ್ಲ. ಆ ಹಾಡು ಅತ್ತೆಯ ಗಂಟಲಲ್ಲಿ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇರಲಿಲ್ಲ. ಅದನ್ನು ಉಳಿಸುವ ಹೊಣೆಯನ್ನು ಟೀಚರ್ ಯಾರೂ ಹೊರಿಸದೆ ತಾನಾಗಿ ಹೊತ್ತುಕೊಂಡಳು.

ಶನಿವಾರ ಬೆಳಿಗ್ಗೆ ಹೊಲಿಗೆ ತರಗತಿಯ ಕೋಣೆ ಸ್ಟುಡಿಯೋ ಆಯಿತು. ಆರು ಹೊಲಿಗೆ ಯಂತ್ರಗಳು ಗೋಡೆಗೆ ಸರಿದವು. ಕಿಟಕಿಗೆ ಎರಡು ರಜಾಯಿ, ಬಾಗಿಲಿಗೆ ಒಂದು ಕಂಬಳಿ. ಫ್ಯಾನು ನಿಂತಿತು. ಮಧ್ಯದಲ್ಲಿ ಕುರ್ಚಿ, ಕುರ್ಚಿಯ ಮೇಲೆ ಬೆವರುತ್ತ ಅತ್ತೆ.

"ಇದೇನಮ್ಮ, ಆಪರೇಷನ್ ಇಲ್ಲೇ ಮಾಡಿಸ್ತೀಯಾ?" ಎಂದರು ಅವರು.

"ಹೊರಗಿನ ಶಬ್ದ ಬರಬಾರದು ಅತ್ತೆ. ನಾನು ಕೈ ಎತ್ತಿದ ತಕ್ಷಣ ಐದು ಸೆಕೆಂಡು ಸುಮ್ಮನಿರಿ, ಆಮೇಲೆ ಶುರು ಮಾಡಿ."

"ಐದು ಸೆಕೆಂಡು ಯಾಕೆ?"

"ಅದು ನಿಯಮ. ಪಾಠದಲ್ಲಿ ಹೇಳಿದಾರೆ."

ಪಾಠವೆಂದರೆ ಹಿಂದಿನ ರಾತ್ರಿಯಿಡೀ ಮೊಬೈಲಿನಲ್ಲಿ ನೋಡಿದ ವಿಡಿಯೋಗಳು. ಟೀಚರ್ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಗುಂಡಿ ಒತ್ತಿ, ಕೈ ಎತ್ತಿ, ಬಾಗಿಲ ಕಂಬಳಿ ಜಾರದಂತೆ ಭುಜ ಕೊಟ್ಟು ನಿಂತಳು. ಆಚೆ ಗಂಡ ಕೆಮ್ಮದಂತೆ ಕಂಬಳಿಯ ಸಂದಿಯಿಂದ ಕಣ್ಣುಬಿಟ್ಟು ಕಾಯುತ್ತಿದ್ದಳು. ಗಂಡ ಕೆಮ್ಮಲಿಲ್ಲ, ನಿಜ. ಎರಡನೆಯ ನುಡಿಯಲ್ಲಿ ಸೀನಿದ! ಅದೇ ಹೊತ್ತಿಗೆ ಅಡುಗೆಮನೆಯ ಫ್ರಿಡ್ಜು ತನಗೂ ಒಂದು ಅವಕಾಶವಿರಲೆಂಬಂತೆ ಗುಂಯ್ ಎಂದು ಶುರು ಹಚ್ಚಿಕೊಂಡಿತು. ಅತ್ತೆ ಯಾವುದಕ್ಕೂ ಕದಲದೆ ಕಣ್ಣು ಮುಚ್ಚಿ ಕೊನೆಯವರೆಗೂ ಹಾಡಿದರು. ಮುಗಿಸುವಾಗ ದನಿ ಒಡೆಯಿತು. ಇನ್ನೊಂದು ಸಲ ಹಾಡಿಸುವ ಧೈರ್ಯ ಯಾರಿಗೂ ಬರಲಿಲ್ಲ. ಹನ್ನೆರಡು ಹೊಡೆಯಿತು. ಅತ್ತೆ ಕೈಮುಗಿದು ಬಾಯಿಗೆ ಬೀಗ ಹಾಕಿಕೊಂಡರು. ಅಂದಿನಿಂದ ಅವರ ಮಾತೆಲ್ಲ ಬೆರಳಲ್ಲಿ. ಏನು ಹೇಳಬೇಕಾದರೂ ಮೊಬೈಲಿನಲ್ಲಿ ದಪ್ಪಕ್ಷರದಲ್ಲಿ ಬರೆದು ತೋರಿಸುವುದು.

ಹಾಡು ಸಿಕ್ಕಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆದರೆ ಹೊಲಿದ ಬಟ್ಟೆಯನ್ನು ಇಸ್ತ್ರಿ ಮಾಡದೆ ಕೊಟ್ಟು ಅಭ್ಯಾಸವಿಲ್ಲದ ಕೈ ಅದು. "ಸ್ವಲ್ಪ ಚೊಕ್ಕ ಮಾಡೋಣ" ಎಂದು ಟೀಚರ್ ಲ್ಯಾಪ್‌ಟಾಪಿನ ಮುಂದೆ ಕುಳಿತಳು. ಚೊಕ್ಕ ಮಾಡಲು ಬೇಕಾದದ್ದು ಪ್ಲಗಿನ್‌ಗಳು. ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸಿಕ್ಕಿಸಿಕೊಳ್ಳುವ ಈ ಪುಟ್ಟ ಯಂತ್ರಗಳು ಪರದೆಯ ಮೇಲೆ ತಿರುಗಣೆ, ಮುಳ್ಳು, ಹಸಿರು ದೀಪಗಳ ಸಮೇತ ವಿಮಾನದ ಚಾಲಕನ ಕೋಣೆಯಂತೆ ಕಾಣುತ್ತವೆ. ಎಷ್ಟೊಂದು ಬಗೆ! ದನಿಯನ್ನು ದಪ್ಪ ಮಾಡುವುದೊಂದು. ಬೆಚ್ಚಗೆ ಮಾಡುವುದೂ ಉಂಟಂತೆ! ಏರಿಳಿತವನ್ನು ಸಮ ಮಾಡುವುದು, 'ಸ'ಕಾರದ ಚೂಪನ್ನು ಮೊಂಡು ಮಾಡುವುದು, ಕೋಣೆಯನ್ನು ಸಭಾಂಗಣ ಮಾಡುವುದು... ಎಲ್ಲವೂ ಉಚಿತ. ಉಚಿತ ಎಂದ ಮೇಲೆ ಯಾವುದನ್ನು ಬಿಡುವುದು? ಯಾವುದನ್ನು ಬಿಟ್ಟರೂ ಅತ್ತೆಯ ಹಾಡಿಗೆ ಮೋಸ ಮಾಡಿದಂತೆ ಅನ್ನಿಸುತ್ತಿತ್ತು. ಹೀಗಾಗಿ ಐದನ್ನೂ ಒಂದರ ಮೇಲೊಂದು ಪೇರಿಸಿದಳು.

ಸಭಾಂಗಣದ ಪ್ಲಗಿನ್ ಹಾಕಿ ಗಂಡನನ್ನು ಕರೆದಳು. "ಹೇಗಿದೆ ಹೇಳಿ."

ಗಂಡ ಹೆಡ್‌ಫೋನ್ ಹಾಕಿಕೊಂಡ. ಮುಖ ಗಂಭೀರವಾಯಿತು. "ಅಮ್ಮ ಬಾವಿಗೆ ಯಾವಾಗ ಇಳಿದ್ರು?"

"ಅದು ಬಾವಿಯಲ್ಲ, ಭವ್ಯತೆ!"

"ಇರಬಹುದು. ನನ್ನ ಸೀನೂ ತುಂಬ ಭವ್ಯವಾಗಿ ಬಂದಿದೆ."

ಸೀನು! ಫ್ರಿಡ್ಜು! ಟೀಚರ್ ಮತ್ತೆ ಹುಡುಕಿದಳು. ಸಿಕ್ಕಿತು ಆರನೆಯ ಪ್ಲಗಿನ್, ಗದ್ದಲ ತೆಗೆಯುವಂಥದು. ಅದರ ಕ್ರಮ ಸರಳ: 'ಬರೀ ಗದ್ದಲ ಇರುವ ನಾಲ್ಕೈದು ಸೆಕೆಂಡನ್ನು ಮೊದಲು ನನಗೆ ಕೇಳಿಸು, ಗದ್ದಲ ಯಾವುದೆಂದು ಕಲಿಯುತ್ತೇನೆ, ಆಮೇಲೆ ಹಾಡಿನುದ್ದಕ್ಕೂ ಅದನ್ನು ಹೆಕ್ಕಿ ತೆಗೆಯುತ್ತೇನೆ.' ಅದಕ್ಕೇ ತಾನೇ ಹಾಡು ಶುರುವಾಗುವ ಮುಂಚಿನ ಆ ಐದು ಸೆಕೆಂಡು! ತನ್ನ ದೂರದೃಷ್ಟಿಗೆ ತಾನೇ ತಲೆದೂಗಿ, ಆ ಭಾಗವನ್ನು ಆರಿಸಿ, 'ಕಲಿ' ಎಂಬ ಗುಂಡಿ ಒತ್ತಿ, ತಿರುಗಣೆಯನ್ನು ಕೊನೆಯವರೆಗೂ ತಿರುಗಿಸಿದಳು. ಅಷ್ಟರಲ್ಲಿ ನಾಲ್ಕು ಗಂಟೆಯ ತರಗತಿಯವರು ಬಾಗಿಲು ಬಡಿದರು. 'ಉಳಿಸಲೇ?' ಎಂದಿತು ಪರದೆ. ಹೌದೆಂದು ಒತ್ತಿ, ಮುಚ್ಚಿ, ರವಿಕೆಯ ಕತ್ತು ಕತ್ತರಿಸುವುದನ್ನು ಹೇಳಿಕೊಡಲು ಓಡಿದಳು. ಕೇಳಿ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಕೇಳಿದಳು.

ಸೀನು ಬಂತು. ಮುತ್ತಿನಂಥ ಸೀನು! ಫ್ರಿಡ್ಜು ಬಂತು, ತಂಬೂರಿಯಂತೆ. ಕಿಟಕಿಯಾಚೆ ಒಂದು ಪಾರಿವಾಳ ರೆಕ್ಕೆ ಬಡಿದದ್ದೂ ಬಂತು. ಬಾರದೆ ಹೋದವರು ಅತ್ತೆ ಒಬ್ಬರೇ. ಎಲ್ಲೋ ಏಳು ಬೆಟ್ಟದಾಚೆ ಯಾರೋ ಪಿಸುಗುಟ್ಟಿದ ಹಾಗೆ ಒಂದೊಂದು ಅಕ್ಷರದ ಚೂರು. ಅಷ್ಟೆ.

ಟೀಚರ್ ಹೆಡ್‌ಫೋನ್ ಕಿತ್ತು ಮತ್ತೆ ಹಾಕಿಕೊಂಡಳು. ತಿರುಗಣೆಗಳನ್ನು ಸಿಕ್ಕಸಿಕ್ಕಂತೆ ತಿರುಗಿಸಿದಳು. ದಪ್ಪ ಮಾಡುವುದನ್ನು ಏರಿಸಿದರೆ ಪಾರಿವಾಳ ರಣಹದ್ದಾಯಿತು. ಕೊನೆಗೆ ಏಳನೆಯದಾಗಿ ಸ್ವರ ತಿದ್ದುವ ಪ್ಲಗಿನ್ ತಂದು ಹಾಕಿದಳು. ಅದು ಇಡೀ ಹಾಡನ್ನು ಜಾಲಾಡಿ, ಹಾಡುವವರು ಯಾರೂ ಕಾಣದೆ, ಫ್ರಿಡ್ಜನ್ನೇ ಗಾಯಕಿ ಎಂದು ಭಾವಿಸಿ ಶ್ರುತಿಗೆ ಕೂರಿಸಿತು!

ಬೆನ್ನ ಹಿಂದೆ ಯಾರೋ ನಿಂತಂತಾಯಿತು. ಅತ್ತೆ. ಮೊಬೈಲು ಮುಂದೆ ಬಂತು: 'ಹಾಡು ಹೇಗೆ ಬಂದಿದೆ?'

"ಬಂದಿದೆ ಅತ್ತೆ... ಇನ್ನೂ... ಇಸ್ತ್ರಿ ಬಾಕಿ ಇದೆ."

ಅತ್ತೆ ತೃಪ್ತಿಯಿಂದ ತಲೆಯಾಡಿಸಿ ಹೋದರು. ಆ ತೃಪ್ತಿ ನೋಡಲಾರದೆ ಟೀಚರ್ ಮೊಬೈಲು ಕೈಗೆತ್ತಿಕೊಂಡಳು. ತಮ್ಮನಿಗೆ ಫೋನು ಮಾಡಿದಳು. ಅವನು ಯಾವುದೋ ಸಭೆಯ ಸ್ಪೀಕರ್ ರಾಶಿಯ ನಡುವೆ ಇದ್ದಿರಬೇಕು, ಎತ್ತಲಿಲ್ಲ. ಹನ್ನೊಂದು ಸಲ ಮಾಡಿದಳು. ಒಂದೊಂದು ಸಲಕ್ಕೂ ನಡುವೆ ಕಣ್ಣು ಮುಚ್ಚಿ ದೇವರನ್ನು ಕರೆದಳು. ದೇವರೂ ಬೇರೆ ಕರೆಯಲ್ಲಿ ಇದ್ದಂತೆ ತೋರಿತು.

"ಇನ್ನೊಂದು ಕಾಪಿ ಇಟ್ಟಿದ್ದೀಯ ತಾನೇ?" ಎಂದ ಗಂಡ.

"ಇಲ್ಲ ಕಣ್ರೀ."

"ಹಿಂದಕ್ಕೆ ತಗೊಳ್ಳೋಕೆ ಆಗಲ್ವಾ?"

"ಕತ್ತರಿಸಿದ ಬಟ್ಟೆ ಮತ್ತೆ ಥಾನಿಗೆ ಅಂಟುತ್ತಾ? ಉಳಿಸಲೇ ಅಂತ ಕೇಳ್ತು, ಹೌದು ಅಂದೆ. ಮುಗೀತು."

ಗಂಡ ತಲೆ ಕೆರೆದುಕೊಂಡ. "ಅಮ್ಮನಿಗೆ ಹೇಳಬೇಡ. ಆಪರೇಷನ್ ಆಗ್ಲಿ."

"ನಾಳೆ ಏನಾದ್ರೂ ಆಗಿ ದನಿ ಬರದೇ ಹೋದ್ರೆ? ಆಗ 'ಹಾಡು ಕೇಳಿಸು' ಅಂದ್ರೆ ನಿಮ್ಮ ಸೀನು ಕೇಳಿಸ್ಲಾ?"

ಆತ ಆಕೆಯ ಫೋನು ತೆಗೆದುಕೊಂಡು ಹನ್ನೆರಡನೆಯ ಸಲ ಭಾವಮೈದುನನಿಗೆ ಕರೆ ಮಾಡಿದ.

ಮಧ್ಯಾಹ್ನ ಮೂರರ ಹೊತ್ತಿಗೆ ಟೀಚರ್ ಎದೆ ಗಟ್ಟಿ ಮಾಡಿಕೊಂಡು ಅತ್ತೆಯ ಕೋಣೆಗೆ ಹೋದಳು. ಅತ್ತೆ ಆಸ್ಪತ್ರೆಯ ಚೀಲಕ್ಕೆ ಬಟ್ಟೆ ಜೋಡಿಸಿಟ್ಟು, ಮಂಚದ ಮೇಲೆ ಕುಳಿತು ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದರು. ಸೊಸೆ ನೆಲಕ್ಕೆ ಕುಸಿದು ಅವರ ಮಂಡಿ ಹಿಡಿದುಕೊಂಡಳು.

"ಅತ್ತೆ, ನಿಮ್ಮ ಹಾಡು ಹೋಯ್ತು! ನಾನೇ ಹಾಳು ಮಾಡ್ದೆ. ತಮ್ಮನ್ನ ಕರಿ ಅಂತ ಇವರು ಬಡ್ಕೊಂಡ್ರು, ಕೇಳ್ಲಿಲ್ಲ. ಬರೀ ಜಂಬ ನನಗೆ! ಇಪ್ಪತ್ತು ವರ್ಷದಿಂದ ನೀವು ಅದೇ ಹೇಳ್ತಿದೀರ, 'ನಿಧಾನ ಮಾಡು, ನಿಧಾನ ಮಾಡು' ಅಂತ. ನೀವು ಹೇಳೋದೇ ಸರಿ ಅತ್ತೆ, ಯಾವಾಗ್ಲೂ ನೀವು ಹೇಳೋದೇ ಸರಿ! ನಾನು ಎದುರು ಮಾತಾಡಿದ್ದೆಲ್ಲ ತಪ್ಪು. ಆ ಕಿಟಕಿ ಪರದೆ ಬಣ್ಣದ ವಿಷಯದಲ್ಲೂ ನೀವೇ ಸರಿ!"

ಅತ್ತೆಯ ಹೆಬ್ಬೆರಳು ಮೊಬೈಲಿನ ಮೇಲೆ ಇನ್ನೊಮ್ಮೆ ಒತ್ತಿತು. ಆಮೇಲೆ ಮೊಬೈಲು ಪಕ್ಕಕ್ಕಿಟ್ಟು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಉಸಿರೆಳೆದುಕೊಂಡರು. ಹಾಡಲು ಹೊರಟಿದ್ದರು!

ಟೀಚರ್ ಹಾರಿ ಎದ್ದು ಎರಡೂ ಕೈಯಿಂದ ಅವರ ಬಾಯಿ ಮುಚ್ಚಿದಳು. "ಬೇಡ ಅತ್ತೆ! ಹಾಡು ಹೋದ್ರೆ ಹೋಗ್ಲಿ, ನಿಮ್ಮ ಗಂಟಲು ಉಳೀಲಿ. ದೇವರಾಣೆ ಬೇಡ!"

ಇದೇ ಹೊತ್ತಿಗೆ ಬಾಗಿಲಿಗೆ ಬಂದ ಗಂಡನಿಗೆ ಕಂಡದ್ದು, ತನ್ನ ಹೆಂಡತಿ ತನ್ನ ತಾಯಿಯ ಬಾಯಿ ಅದುಮಿ ಹಿಡಿದಿರುವ ದೃಶ್ಯ. "ಏಯ್! ಏನೇ ಇದು!" ಎಂದು ಕೂಗುವಷ್ಟರಲ್ಲಿ ಆತನ ಕೈಯಲ್ಲಿದ್ದ ಆಕೆಯ ಫೋನು ರಿಂಗಾಯಿತು. ತಮ್ಮ!

ಮೂವರೂ ಲ್ಯಾಪ್‌ಟಾಪಿನ ಮುಂದೆ ಸೇರಿ ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟರು. ಟೀಚರ್ ಬಿಕ್ಕುತ್ತ ಎಲ್ಲ ಹೇಳಿದಳು.

"ಅಕ್ಕಾ, ಅಳು ನಿಲ್ಸು. ಆ ಏಳೂ ಪ್ಲಗಿನ್ ಹೆಸರಿನ ಪಕ್ಕ ಒಂದೊಂದು ಹಸಿರು ದೀಪ ಉರೀತಿದೆಯಾ?"

"ಉರೀತಿದೆ ಕಣೋ."

"ಒಂದೊಂದಾಗಿ ಒತ್ತಿ ಆರಿಸು."

"ಆರಿಸಿದ್ರೆ?"

"ಆರಿಸೇ, ಮಾರಾಯ್ತಿ!"

ಒಂದು ಆರಿತು. ಎರಡು. ಸಭಾಂಗಣ ಮಾಯವಾಗಿ ಬರೀ ಕೋಣೆ ಉಳಿಯಿತು. ಸ್ವರ ತಿದ್ದುವುದು ಆರಿದಾಗ ಫ್ರಿಡ್ಜು ಗಾಯನದಿಂದ ನಿವೃತ್ತವಾಯಿತು. ಕೊನೆಗೆ ಉಳಿದದ್ದು ಗದ್ದಲ ತೆಗೆಯುವುದು. ಅದನ್ನೂ ಒತ್ತಿದಳು.

ಕೋಣೆಯ ತುಂಬ ಅತ್ತೆ. ಒಂದಿಷ್ಟು ಒರಟು, ಒಂದಿಷ್ಟು ಬೆವರು, ನಡುವೆ ಒಂದು ಸೀನು. ಆದರೆ ಅಕ್ಷರ ಅಕ್ಷರವೂ ಅತ್ತೆಯೇ. ಟೀಚರ್ ಕುಳಿತಲ್ಲೇ ಕೈಮುಗಿದಳು, ಯಂತ್ರಕ್ಕೋ ದೇವರಿಗೋ ಆಕೆಗೇ ತಿಳಿಯಲಿಲ್ಲ.

"ಪ್ಲಗಿನ್ ಅಂದ್ರೆ ಕನ್ನಡಕ ಇದ್ದ ಹಾಗೆ ಅಕ್ಕ. ರೆಕಾರ್ಡಿಂಗ್‌ನ ಅದು ಮುಟ್ಟೋದೇ ಇಲ್ಲ. ನೀನು ಕನ್ನಡಕಕ್ಕೆ ಮಸಿ ಬಳ್ಕೊಂಡು ಊರೇ ಮುಳುಗಿಹೋಯ್ತು ಅಂತ ಅಳ್ತಿದೀಯ. ಅದ್ಸರಿ, ಗದ್ದಲ ಯಾವುದು ಅಂತ ಕಲಿಸೋಕೆ ಅದಕ್ಕೆ ಏನು ಕೇಳಿಸ್ದೆ?"

"ಹಾಡಿಗೆ ಮುಂಚಿನ ಐದು ಸೆಕೆಂಡು. ಖಾಲಿ ಜಾಗ."

"ಖಾಲಿನಾ? ಹಾಕು ನೋಡೋಣ."

ಹಾಕಿದರು. ಖಾಲಿಯಾಗಿರಲಿಲ್ಲ. ಹಾಡುವ ಮುನ್ನ ಶ್ರುತಿ ಹಿಡಿಯಲು ಅತ್ತೆ ಬಾಯಿ ಮುಚ್ಚಿಕೊಂಡೇ ಮೆಲ್ಲಗೆ "ಮ್‌ಮ್‌ಮ್" ಎಂದು ಐದು ಸೆಕೆಂಡೂ ಗುನುಗಿದ್ದರು. ಕಂಬಳಿ ಕಾಯುತ್ತಿದ್ದ ಸೊಸೆಗೆ ಅದು ಕೇಳಿಸಿರಲಿಲ್ಲ. ಪ್ಲಗಿನ್ ಮಾತ್ರ ಶ್ರದ್ಧೆಯ ವಿದ್ಯಾರ್ಥಿ. ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಕಲಿತು, ಆ ದನಿ ಹಾಡಿನಲ್ಲಿ ಎಲ್ಲೆಲ್ಲಿ ಕಂಡಿತೋ ಅಲ್ಲೆಲ್ಲ ಗುಡಿಸಿ ಹಾಕಿತ್ತು.

ಫೋನಿನಲ್ಲಿ ತಮ್ಮ ಬಿದ್ದು ಬಿದ್ದು ನಗುತ್ತಿದ್ದ. ಅತ್ತೆ ನಿಧಾನವಾಗಿ ಬೆರಳಾಡಿಸಿ ಮೊಬೈಲು ತಿರುಗಿಸಿ ಹಿಡಿದರು: 'ಮನೆಯಲ್ಲಿ ಗದ್ದಲ ಅಂದರೆ ನಾನು ಅಂತ ಅದಕ್ಕೆ ಹೇಳಿಕೊಟ್ಟವರು ಯಾರು?'

ಗಂಡ ಸೂರಿನ ಕಡೆ ನೋಡಿದ. ಟೀಚರ್ ನೆಲದ ಕಡೆ ನೋಡಿದಳು.

ಸೋಮವಾರ ಆಪರೇಷನ್ ಆಯಿತು. ಅದಾದ ಮೇಲಿನ ಹತ್ತು ದಿನ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಫ್ರಿಡ್ಜು ಶುರುವಾದಾಗಲೆಲ್ಲ ಟೀಚರ್ ಬೆಚ್ಚಿ ಬೀಳುತ್ತಿದ್ದಳು. ಬೆಳಗಿನ ಹಾಡು ಲ್ಯಾಪ್‌ಟಾಪಿನಿಂದ ಬರುತ್ತಿತ್ತು, ಸೀನಿನ ಸಮೇತ. ಕೇಳುತ್ತ ಕೇಳುತ್ತ, ಈ ದನಿ ಇನ್ನು ಇಲ್ಲಿ ಮಾತ್ರವೇನೋ ಎಂದು ಆಕೆ ಮತ್ತೆ ಮೊದಲಿನಿಂದ ಹಾಕುತ್ತಿದ್ದಳು. ಅತ್ತೆ ಮಾತ್ರ ನಿರಾಳವಾಗಿ ಮೊಬೈಲು ಹಿಡಿದು, ಆಗಾಗ ಅದನ್ನು ಕಿವಿಗಿಟ್ಟುಕೊಂಡು ಏನೋ ಕೇಳುತ್ತ ಮುಗುಳ್ನಗುತ್ತಿದ್ದರು. ಪ್ರಾರ್ಥನೆ ಕೇಳುತ್ತಿದ್ದಾರೆ ಎಂದುಕೊಂಡಳು ಸೊಸೆ.

ಹನ್ನೊಂದನೆಯ ದಿನ ಡಾಕ್ಟರು ಗಂಟಲಿಗೆ ದೀಪ ಹಿಡಿದು ನೋಡಿ, "ವಾಸಿಯಾಗಿದೆ. ಈಗ ಏನಾದ್ರೂ ಹೇಳಿ ಅಮ್ಮ, ಮೆಲ್ಲಗೆ" ಎಂದರು.

ಟೀಚರ್ ಸೆರಗಿನೊಳಗೆ ಕೈ ಜೋಡಿಸಿದಳು. ದೇವರೇ, ಒಂದು ಮಾತು. ಒಂದೇ ಒಂದು ಮಾತು!

ಅತ್ತೆ ಸೊಸೆಯ ಕಡೆ ತಿರುಗಿದರು. ದನಿ ಬಂತು. ಎಲ್ಲೂ ಒಡೆಯದ, ಸ್ಪಷ್ಟವಾದ, ತಿಳಿಯಾದ ದನಿ:

"'ಯಾವಾಗ್ಲೂ ನೀವು ಹೇಳೋದೇ ಸರಿ' ಅಂತ ಅವತ್ತು ನನ್ನ ಮಂಡಿ ಹಿಡ್ಕೊಂಡು ಹೇಳಿದೆಯಲ್ಲಮ್ಮ, ಅದು ಪೂರ್ತಿ ನನ್ನ ಫೋನಿನಲ್ಲಿದೆ. ಒಂದೇ ಸಲಕ್ಕೆ ಎಷ್ಟು ಚೆನ್ನಾಗಿ ರೆಕಾರ್ಡ್ ಆಗಿದೆ ಗೊತ್ತಾ? ಒಂದೂ ಪ್ಲಗಿನ್ ಬೇಕಾಗಿಲ್ಲ!"