ಸೌಟಿಗೆ ಏಳುತ್ತಿದ್ದ ಕಾರು

ಈ ಪ್ರಪಂಚದಲ್ಲಿ ಯಾವುದನ್ನೂ ನಂಬುವ ಹಾಗಿಲ್ಲ ಎಂಬ ತೀರ್ಮಾನಕ್ಕೆ ಆ ಮನೆಯ ಯಜಮಾನರು ಬಂದು ಇಪ್ಪತ್ತಾರು ವರ್ಷವಾಯಿತು. ಅಷ್ಟೂ ವರ್ಷ ಅವರು ಲಿಫ್ಟ್ ಇನ್ಸ್‌ಪೆಕ್ಟರ್. ಎತ್ತರದ ಕಟ್ಟಡಗಳಿಗೆ ಹೋಗಿ, ಲಿಫ್ಟಿನೊಳಗೆ ನಿಂತು, ಇದು ನಡುವೆ ನಿಂತು ಹೋದರೆ ಏನು ಗತಿ ಎಂದು ಚಿಂತಿಸುವುದಕ್ಕೇ ಅವರಿಗೆ ಸಂಬಳ. ಸಂಜೆ ಆ ಚಿಂತೆಯೂ ಅವರ ಜೊತೆಗೇ ಮನೆಗೆ ಬರುತ್ತದೆ. ಮಿಕ್ಸಿ ಕೊಳ್ಳುವಾಗಲೂ "ನಿಂತ್ಹೋದ್ರೆ?", ಗಡಿಯಾರ ಕೊಳ್ಳುವಾಗಲೂ "ನಿಂತ್ಹೋದ್ರೆ?" (ಮದುವೆ ಮಾತುಕತೆಯ ದಿನವೂ ಹಾಗೇ ಕೇಳಿದ್ದರು ಎಂದು ಹೆಂಡತಿ ಹೇಳುತ್ತಾರೆ, ಅವರು ಒಪ್ಪುವುದಿಲ್ಲ.) ನೆಂಟರ ಮಕ್ಕಳು ಬೆನ್ನ ಹಿಂದೆ ಅವರನ್ನು ಕರೆಯುವುದೇ ನಿಂತ್ಹೋದ್ರೆ ಮಾವ ಎಂದು.

ಇಂಥವರ ಮನೆಯಲ್ಲಿ ಹತ್ತೊಂಬತ್ತು ವರ್ಷದ ಪೆಟ್ರೋಲ್ ಕಾರೊಂದಿತ್ತು. ತಳ ತುಕ್ಕು ಹಿಡಿದಿತ್ತು, ಹಿಂದಿನ ಬಾಗಿಲಿಗೆ ಹಗ್ಗ ಕಟ್ಟಿತ್ತು. ಬೆಳಿಗ್ಗೆ ಎಂಟಕ್ಕೆ, ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವ ಹೆಂಡತಿ ಸೀಟಿನಲ್ಲಿ ಕೂತು, "ರೀ, ಬನ್ನಿ ಸ್ವಲ್ಪ. ಗಾಡಿ ಏಳ್ತಿಲ್ಲ" ಎಂದು ಕೂಗಬೇಕು. ಯಜಮಾನರು ಹೆರಿಗೆಗೆ ಕರೆ ಬಂದ ಸೂಲಗಿತ್ತಿಯ ಗತ್ತಿನಲ್ಲಿ ಮೆಟ್ಟಿಲಿಳಿದು, ಬಾನೆಟ್ ಎತ್ತಿ, ಬ್ಯಾಟರಿ ಪಕ್ಕದ ಕಪ್ಪು ಡಬ್ಬಿಗೆ ಹಳೆಯ ಸೌಟಿನಿಂದ ಮೂರು ಸಲ ತಟ್ಟಬೇಕು. ಎರಡು ಸಾಲದು, ನಾಲ್ಕು ಹೆಚ್ಚು. ಆಮೇಲೆ "ಹ್ಞೂಂ, ಈಗ" ಎನ್ನಬೇಕು. ಗಾಡಿ ಗುರ್ರೆಂದು ಏಳುತ್ತಿತ್ತು. ಅವರು ಒಳಗೆ ಬಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತಿದ್ದರು: ಏಳಲಿಲ್ಲ. ತಟ್ಟಿದೆ. ಎದ್ದಿತು.

ನಿಜ ಹೇಳಬೇಕೆಂದರೆ, ಆ ಮನೆಯಲ್ಲಿ ಅವರನ್ನು ಯಾರಾದರೂ ಬೇಕೆಂದು ಕರೆಯುತ್ತಿದ್ದದ್ದು ಅದೊಂದೇ ಹೊತ್ತು. ಟೀವಿ ಕೆಟ್ಟರೆ ಮಗಳು ಸರಿ ಮಾಡುತ್ತಾಳೆ. ನಲ್ಲಿ ಸೋರಿದರೆ ಹೆಂಡತಿ ಪ್ಲಂಬರಿಗೆ ಫೋನ್ ಮಾಡುತ್ತಾರೆ. ಸೌಟೊಂದೇ ಅವರ ಪಾಲಿಗೆ ಉಳಿದ ರಾಜದಂಡ.

ಆದ್ದರಿಂದ ಹೆಂಡತಿ ಎಲೆಕ್ಟ್ರಿಕ್ ಕಾರಿನ ಮಾತೆತ್ತಿದಾಗ ಅವರ ಎದೆ ಧಸಕ್ಕೆಂದಿತು. ಆದರೂ ಶೋರೂಮಿಗೆ ಹೋದರು. ಬಿಳಿ ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಅಲ್ಲಿದ್ದ ಹುಡುಗಿಯನ್ನು ಕೇಳಿದರು.

"ನಿಂತ್ಹೋದ್ರೆ?"

"ನಿಲ್ಲಲ್ಲ ಸರ್. ಎಂಟು ವರ್ಷ ವಾರಂಟಿ ಇದೆ."

"ವಾರಂಟಿ ನಿಲ್ಲಲ್ಲಮ್ಮ, ಗಾಡಿ ನಿಲ್ಲುತ್ತೆ. ನಿಂತ್ರೆ ನಾನೇನ್ ಮಾಡ್ಬೇಕು?"

"ನೀವೇನೂ ಮಾಡ್ಬಾರ್ದು ಸರ್. ಮುಟ್ಟಲೇಬಾರ್ದು. ನಮಗೊಂದು ಫೋನ್ ಮಾಡಿ, ಸಾಕು."

ಬಾನೆಟ್ ತೆಗೆಸಿ ನೋಡಿದರು. ಇಂಜಿನ್ ಇರಬೇಕಾದಲ್ಲಿ ಚೀಲ ಇಡಲು ಒಂದು ಖಾಲಿ ತೊಟ್ಟಿ. ತಟ್ಟಲು ಜಾಗವೇ ಇಲ್ಲದ ಆ ಗಾಡಿಯನ್ನು ನೋಡಿ ಅವರಿಗೆ ಅಳು ಬರುವ ಹಾಗಾಯಿತು.

ಮನೆಗೆ ಬಂದವರೇ ವಾದಕ್ಕಿಳಿದರು. "ಬ್ಯಾಟರಿ ದಾರೀಲಿ ಕೈಕೊಟ್ರೆ? ಚಾರ್ಜ್ ಮಾಡೋ ಕಡೆ ಸಾಲು ನಿಂತಿದ್ರೆ? ಚಳಿಗೆ ಮಂಕಾದ್ರೆ? ನಮ್ಮದು ಹಳೇದಾದ್ರೂ ನಂಬಿಕಸ್ಥ ಗಾಡಿ."

ಹೆಂಡತಿ ಒಳಗೆ ಹೋಗಿ ಅವರದೇ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟರು. "ಎರಡು ವರ್ಷದಲ್ಲಿ ಒಂದು ದಿನಾನಾದ್ರೂ ತಾನಾಗಿ ಎದ್ದಿದ್ಯಾ, ತೋರ್ಸಿ. ಅಕ್ಷರ ನಿಮ್ದೇ."

ಯಜಮಾನರು ಪುಟ ತಿರುವಿದರು. ಏಳಲಿಲ್ಲ, ಏಳಲಿಲ್ಲ, ಏಳಲಿಲ್ಲ. ಇಂಥ ದಾಖಲೆ ಇರುವ ಲಿಫ್ಟಾಗಿದ್ದರೆ ಅವರೇ ಬೀಗ ಜಡಿಸುತ್ತಿದ್ದರು. ಇನ್ಸ್‌ಪೆಕ್ಟರ್ ಆದವನು ದಾಖಲೆಗೆ ಎದುರಾಡುವಂತಿಲ್ಲ. ತಮ್ಮ ಕೈಬರಹಕ್ಕೇ ಸೋತು, ಆಗಲಿ ಎಂದರು.

ಬಿಳಿ ಕಾರು ಸದ್ದಿಲ್ಲದೆ ಬಂದು ಅಂಗಳದಲ್ಲಿ ನಿಂತಿತು. ಹಳೆಯದನ್ನು ಒಯ್ಯಲು ಭಾನುವಾರ ಹೆಂಡತಿಯ ತಮ್ಮ ಬಂದ. ಯಜಮಾನರು ಸೌಟನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು, ಗುರೂಪದೇಶಕ್ಕೆ ಸಿದ್ಧರಾದರು.

"ನೋಡಪ್ಪಾ, ಮೊದಲು ಬಾನೆಟ್ ಎತ್ಬೇಕು. ಆಮೇಲೆ..."

ಅಷ್ಟರಲ್ಲಿ ಭಾಮೈದ ಸೀಟಿನಲ್ಲಿ ಕೂತು ಕೀ ತಿರುಗಿಸಿದ್ದ. ಗಾಡಿ ಒಂದೇ ಸಲಕ್ಕೆ ಎದ್ದಿತು. ಆರಿಸಿ, ಮತ್ತೆ ತಿರುಗಿಸಿದ. ಮತ್ತೂ ಎದ್ದಿತು.

"ಚೆನ್ನಾಗೇ ಇದ್ಯಲ್ಲ ಭಾವ, ಸೌಟ್ಯಾಕೆ?"

ಯಜಮಾನರು ಹೆಂಡತಿಯನ್ನು ನೋಡಿದರು. ಹೆಂಡತಿ ಮಗಳನ್ನು ನೋಡಿದರು. ಮಗಳು ಮೆಲ್ಲಗೆ ಬಾಯಿಬಿಟ್ಟಳು. "ಅಪ್ಪಾ, ಎರಡು ವರ್ಷದ ಹಿಂದೆ ನೀವು ಟ್ರೈನಿಂಗಿಗೆ ಹೋಗಿದ್ರಲ್ಲ, ಆಗ್ಲೇ ಮೆಕ್ಯಾನಿಕ್ ಅಂಕಲ್ ಆ ಡಬ್ಬಿ ಬದಲಾಯ್ಸಿದ್ರು."

"ಮತ್ತೆ ದಿನಾ ಯಾಕೆ ಏಳ್ತಿರ್ಲಿಲ್ಲ?"

"ನಾನು ಕೀ ತಿರುಗಿಸ್ತಾನೇ ಇರ್ಲಿಲ್ಲ" ಎಂದರು ಹೆಂಡತಿ. "ನೀವು ವಾಪಸ್ ಬಂದ ದಿನ ಸೌಟು ಹಿಡ್ಕೊಂಡು ನಗ್ತಾ ಇಳಿದು ಬಂದ್ರಿ. ಹೇಳೋಕೆ ಬಾಯಿ ಬರ್ಲಿಲ್ಲ. ನಿಮಗೋಸ್ಕರ ದಿನಾ ಹತ್ತು ನಿಮಿಷ ಮುಂಚೆ ಹೊರಡ್ತಿದ್ದೆ. ನನಗೂ ಸಾಕಾಯ್ತು ರೀ, ಅದಕ್ಕೇ ಹೊಸ ಗಾಡಿ ಅಂದಿದ್ದು."

ಸಾವಿರಾರು ಲಿಫ್ಟುಗಳ ಒಳಗುಟ್ಟು ಕಂಡ ಮನುಷ್ಯ, ತನ್ನ ಅಂಗಳದಲ್ಲಿ ಎರಡು ವರ್ಷ ಸುಳ್ಳು ವರದಿ ಬರೆದಿದ್ದ. ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು. ಸಂಜೆ ಮಾಡಲು ಬೇರೇನೂ ಕೆಲಸವಿಲ್ಲದೆ ಗೇಟಿನ ಅಗುಳಿಗೆ ಎಣ್ಣೆ ಬಿಟ್ಟು, ಅದು ಬೆರಳಿಗೆ ಜಾರುವಷ್ಟು ನುಣ್ಣಗಾಗುವವರೆಗೆ ಹಿಂದೆ ಮುಂದೆ ಎಳೆದಾಡಿ, ಒಳಗೆ ಹೋಗಿ ಮಲಗಿದರು.

ಸೋಮವಾರ ಎಂಟಕ್ಕೆ ಪೇಪರ್ ಹಿಡಿದು ಕೂತಿದ್ದರು. ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಹೊರಗೆ ಬಿಳಿ ಕಾರು ಎದ್ದಿದೆಯೋ ಇಲ್ಲವೋ, ಅದರ ಸದ್ದೇ ಇಲ್ಲದ್ದರಿಂದ ತಿಳಿಯುವ ಹಾಗಿರಲಿಲ್ಲ. ಇನ್ನು ತನ್ನನ್ನು ಯಾರೂ ಕೂಗುವುದಿಲ್ಲ ಎಂದುಕೊಂಡರು.

"ರೀ, ಬನ್ನಿ ಸ್ವಲ್ಪ."

ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದರು. ಹೆಂಡತಿ ಕಾರಿನೊಳಗೆ ನೇರ ಮುಂದೆ ನೋಡುತ್ತ ಕೂತಿದ್ದರು.

"ಗೇಟಿನ ಅಗುಳಿ ಸಿಕ್ಕಾಕೊಂಡಿದೆ. ಎಷ್ಟು ಎಳೆದ್ರೂ ನನ್ ಕೈಲಾಗ್ತಿಲ್ಲ."

ಯಜಮಾನರು ಅಗುಳಿಯನ್ನು ನೋಡಿದರು. ನಿನ್ನೆಯ ಎಣ್ಣೆ ಬಿಸಿಲಿಗೆ ಹೊಳೆಯುತ್ತಿತ್ತು. ಹೆಂಡತಿಯ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ ಸೌಟು ತಂದು ಅಗುಳಿಗೆ ಮೂರು ಸಲ ತಟ್ಟಿದರು, ಮೂರನೆಯದನ್ನು ಸ್ವಲ್ಪ ಜೋರಾಗಿಯೇ.