ವಾಡೆಯೊಳಗಿನ ಮದುಮಗ

ಆಷಾಢದಲ್ಲಿ ಹೊಸ ಗಂಡಹೆಂಡಿರನ್ನು ದೂರ ಇಡಬೇಕೆಂದು ಕಟ್ಟಳೆ ಮಾಡಿದವರಲ್ಲಿ ಒಬ್ಬನೂ ಹೊಸ ಗಂಡನಲ್ಲ. ಹೊಸ ಹೆಂಡತಿಯಂತೂ ಆ ಪಂಚಾಯಿತಿಯಲ್ಲಿ ಇರಲೇ ಇಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲವಾದರೆ ಕೊಳ್ಳೇಗಾಲದ ವೃಷಭೇಂದ್ರಪ್ಪನವರ ಮನೆಗೆ ಬನ್ನಿ.

ಅವರ ಮಗ ಪರಮೇಶನಿಗೆ ಮೂವತ್ತಾರು. ಕುಂತೂರು ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರಾಕ್ಟರಿನವನಿಗೆ ಹೆಣ್ಣು ಕೊಡುವವರಿಲ್ಲದೆ ಹನ್ನೊಂದು ವರ್ಷ ಜಾತಕ ಹಿಡಿದು ಅಲೆದಿದ್ದಾಯಿತು. ಕಡೆಗೆ ಯಳಂದೂರಿನ ಭವ್ಯ ಒಪ್ಪಿದಳು. ಮದುವೆಯಾಗಿ ಇಪ್ಪತ್ತೆರಡನೇ ದಿನ ಆಷಾಢ ವಕ್ಕರಿಸಿತು. ವೃಷಭೇಂದ್ರಪ್ಪ ಪಂಚಾಂಗ ಮಡಚಿ, "ತವರ್ಗೆ ಕಳ್ಸಿ" ಅಂದರು. ಕಳಿಸಿದರು. ಅಷ್ಟಕ್ಕೇ ನಿಲ್ಲದೆ ಮಗನ ಬೈಕಿನ ಕೀಯನ್ನೂ ಟ್ರಾಕ್ಟರಿನ ಕೀಯನ್ನೂ ತಮ್ಮ ಜುಬ್ಬದ ಜೇಬಿಗೆ ಇಳಿಸಿಕೊಂಡರು. ನಡೆದರೆ ಸಾಕು, ಜೋಡಿಎತ್ತಿನ ಗಾಡಿ ಬಂದಂತೆ ಸದ್ದು.

"ಮೂವತ್ತಾರು ವರ್ಷ ಕಾದವ್ನೆ, ಇನ್ನೊಂದ್ ತಿಂಗ್ಳು ಕಾಯಕ್ಕಾಗಲ್ವಾ?" ಅಂತ ಅವರ ವಾದ. "ಈಗ ಒಂದಾದ್ರೆ ಚೈತ್ರದ ಬಿಸ್ಲಲ್ಲಿ ಮಗ ಉಟ್ತದೆ. ಬಾಣಂತಿಗೂ ಕಷ್ಟ, ಮಗೀಗೂ ಕಷ್ಟ. ಇದು ಸೈನ್ಸು ಕಣ್ಲಾ."

ಪರಮೇಶ ಸೈನ್ಸಿನಲ್ಲಿ ಎರಡು ಸಲ ಫೇಲಾದವನು. ಸುಮ್ಮನಾದ.

ಆದರೆ ವೃಷಭೇಂದ್ರಪ್ಪನವರ ಮನಸ್ಸು ಸುಮ್ಮನಾಗಲಿಲ್ಲ. ಅಲ್ಲೊಂದು ಹಳೇ ಹುಳ ಇತ್ತು. ಎಂಬತ್ತೆಂಟನೇ ಇಸವಿಯಲ್ಲಿ ಹನೂರಿನ ಟೆಂಟಿಗೆ ಒಂದು ಸಿನಿಮಾ ಬಂದಿತ್ತು. ಪೋಸ್ಟರಿನ ಮೂಲೆಯಲ್ಲಿ ದುಂಡಗೆ 'ಎ' ಅಂತ ಬರೆದಿತ್ತು. (ಆ ಅಕ್ಷರ ನೋಡಿಯೇ ಮೂರು ಊರಿನ ಗಂಡಸರು ಸಾಕ್ಷರರಾದರು.) ಕಥೆಯೂ ಆಷಾಢದ್ದೇ: ಮದುಮಗ ಬಳೆಗಾರನ ವೇಷದಲ್ಲಿ ಮಾವನ ಮನೆಗೆ ನುಗ್ಗುತ್ತಾನೆ, ಮಾವ ಬಂದುಬಿಡುತ್ತಾನೆ, ಮದುಮಗ ರಾಗಿ ತುಂಬುವ ಆಳೆತ್ತರದ ವಾಡೆಯೊಳಗೆ ಹಾರುತ್ತಾನೆ, ಮಾವ ಅದರ ಮುಚ್ಚಳ ಮುಚ್ಚಿ ಮೇಲೇ ಕೂರುತ್ತಾನೆ. ಇಂಟರ್ವೆಲ್. ವೃಷಭೇಂದ್ರಪ್ಪ ನೋಡಿದ್ದು ಅಲ್ಲಿಯ ತನಕ ಮಾತ್ರ. ಆ ಮದುಮಗ ಹೊರಗೆ ಬಂದನೋ, ರಾಗಿಯ ಜೊತೆಗೆ ಮುಗ್ಗಿದನೋ? ಮೂವತ್ತೇಳು ವರ್ಷದಿಂದ ಈ ಪ್ರಶ್ನೆ ಅವರನ್ನು ಕೊರೆಯುತ್ತಿತ್ತು.

ಅದು ಮೊಬೈಲಿನಲ್ಲಿ ಸಿಕ್ಕಿಬಿಟ್ಟಿತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಮೊಬೈಲನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ಪದ್ಮಾಸನ ಹಾಕಿದರು.

"ಏನ್ರೀ ಅದು, ಈ ವಯಸ್ಸಲ್ಲಿ?" ಸೊಪ್ಪು ಬಿಡಿಸುತ್ತಿದ್ದ ವೀರಮ್ಮ ಕೇಳಿದರು.

"ಸಂಶೋಧನೆ. ಐಕ್ಳು ಯಾವ್ಯಾವ ದಾರೀಲಿ ನುಸುಳ್ತವೆ ಅಂತ ದೊಡ್ಡೋರಿಗೆ ತಿಳ್ದಿರ್ಬೇಕು."

ಸಂಶೋಧನೆ ಶುರುವಾಯಿತು. ಅಂದು ಮೈ ಬೆವರಿಸಿದ್ದ ಸಿನಿಮಾ ಇಂದು ನೋಡಿದರೆ ಭಜನೆಗಿಂತ ಸಪ್ಪೆ. ಹಾಲಿನ ಲೋಟ ಹದಿನಾಲ್ಕು ಸಲ ಬಂತು, ಒಂದು ಸಲವೂ ಯಾರೂ ಕುಡಿಯಲಿಲ್ಲ. ಮಂಚ ಕಿರುಗುಟ್ಟಿತು, ಆದರೆ ಅದರ ಮೇಲೆ ಕೂತಿದ್ದದ್ದು ಬೆಕ್ಕು. ಆದರೂ ವೃಷಭೇಂದ್ರಪ್ಪ ಹೊಟ್ಟೆ ಹಿಡಿದು ನಕ್ಕರು. ಪರಮೇಶನೂ ಬಾಗಿಲಿಗೆ ಬಂದು ನಿಂತ. ಇಂಟರ್ವೆಲ್ ಬರುತ್ತಲೇ, "ಆವತ್ತು ನಾನ್ ನೋಡಿದ್ದು ಇಲ್ಲಿಗಂಟ್ಲೇ" ಅಂದರು ಅಪ್ಪ.

"ಆವತ್ತು ಯಾಕಪ್ಪ ಪೂರ್ತಿ ನೋಡ್ನಿಲ್ಲ?"

"ಕರೆಂಟ್ ಓಯ್ತು."

"ಯಾವ್ ಕರೆಂಟು?" ವೀರಮ್ಮ ಸೊಪ್ಪಿನಿಂದ ತಲೆ ಎತ್ತಲಿಲ್ಲ. "ಆಗ ನಾನೂ ಹನೂರಲ್ಲಿ, ತವರಲ್ಲಿ ಆಷಾಢಕ್ಕೆ ಕೂತಿದ್ದೆ. ಟೆಂಟಿನ ಆಡು ನಮ್ ಇತ್ಲಿಗೆ ಕೇಳ್ತಾನೇ ಇತ್ತು. ಇಂಟರ್ವೆಲ್ ಬೆಲ್ ಒಡೀತು, ಅದಾಗಿ ಐದೇ ನಿಮ್ಸಕ್ಕೆ ನೀವು ನಮ್ಮ ಇತ್ಲು ಬೇಲಿ ಆರಿದ್ರಿ. ಪಂಚೆ ಅರ್ದಿತ್ತು. ನಾನೇ ಒಲ್ದುಕೊಟ್ಟೆ."

ಪರಮೇಶ ಬೆರಳು ಮಡಿಸತೊಡಗಿದ. ಆಷಾಢ, ಶ್ರಾವಣ, ಭಾದ್ರಪದ... ಹತ್ತನೇ ಬೆರಳಿಗೆ, ಚೈತ್ರಕ್ಕೆ ನಿಂತ. ಅವನು ಹುಟ್ಟಿದ್ದು ಯುಗಾದಿಯಾಗಿ ಹತ್ತನೇ ದಿನಕ್ಕೆ.

"ಅಪ್ಪಾ, ಬಿಸ್ಲು ಬಾಳ ಇತ್ತಾ?" ಅಂದ.

"ಮುಚ್ಕೊಂಡ್ ನೋಡ್ಲಾ! ಸೆಕೆಂಡ್ ಆಫ್ ಶುರುವಾಯ್ತು!"

ಮೂವತ್ತೇಳು ವರ್ಷದ ಕುತೂಹಲ ತೀರಲು ಒಂದು ಗಂಟೆ ಸಾಕಾಯಿತು. ಮದುಮಗ ವಾಡೆಯ ಬುಡದ ತೂತಿಂದ ನುಸುಳಿದ. ಮಾವ ಅಳಿಯನನ್ನು ಹಿಡಿಯಲು ಹೋಗಿ ತಾನೇ ವಾಡೆಗೆ ಬಿದ್ದ. ಎಲ್ಲರೂ ನಕ್ಕರು. ಶುಭಂ.

"ಇಷ್ಟೇಯಾ?" ಅಂದರು ವೃಷಭೇಂದ್ರಪ್ಪ.

"ಇಷ್ಟೇ," ಅಂದರು ವೀರಮ್ಮ. "ಎರಡೂವರೆ ಗಂಟೆ ಅಳಿಯ ಓಡ್ದ, ಮಾವ ಓಡ್ದ. ಆ ಉಡುಗಿ ಮಾತಾಡಿದ್ದು ಮೂರೇ: ಅಯ್ಯೋ, ಛೀ, ಬಿಡಿ. ಅವ್ಳಿಗೆ ಓಗಕ್ಕೆ ಇಷ್ಟವಾ, ಇರಕ್ಕೆ ಇಷ್ಟವಾ ಅಂತ ಒಬ್ಬಾನೂ ಕೇಳ್ನಿಲ್ಲವಲ್ರೀ. ಅವತ್ತು ನೀವು ಬೇಲಿ ಆರಿ ಬಂದಾಗ ನಂಗೆ ಜ್ವರ ಇತ್ತು. ನೀವೂ ಕೇಳ್ನಿಲ್ಲ."

ನಗು ಅಲ್ಲಿಗೆ ನಿಂತಿತು. ಅಷ್ಟರಲ್ಲಿ ಮುಂಬಾಗಿಲ ಸದ್ದಾಯಿತು.

ಭವ್ಯ. ಬಳೆಗಾರ್ತಿ ವೇಷವಿಲ್ಲ, ಬೇಲಿ ಹಾರಿಲ್ಲ. ಹಾಡುಹಗಲು, ಕೈಯಲ್ಲಿ ಬ್ಯಾಗು.

"ಯಾರಮ್ಮ ಕರ್ಕಬಂದ್ರು?" ವೃಷಭೇಂದ್ರಪ್ಪ ಜೇಬು ಮುಟ್ಟಿ ನೋಡಿಕೊಂಡರು. ಎರಡು ಕೀಯೂ ಇದ್ದವು.

"ಯಾರೂ ಇಲ್ಲ ಮಾವ. ಬಸ್ಸಲ್ಲಿ ಆಧಾರ್ ಕಾರ್ಡ್ ತೋರ್ಸ್ದೆ, ಬಂದೆ. ಓಗು ಅಂದ್ರಿ ಅಂತ ಓಗಿದ್ದೆ. ಅಲ್ಲಿ ಕೂತು ಯೋಚ್ನೆ ಮಾಡ್ದೆ, ನಂಗೆ ಇಲ್ಲಿರಕ್ಕೇ ಇಷ್ಟ."

ಇಷ್ಟು ಸಲೀಸಾದ ದಾರಿ ಇದೆಯೆಂದು ಸಂಶೋಧನೆಯಲ್ಲಿ ಎಲ್ಲೂ ಬಂದಿರಲಿಲ್ಲ. ವೃಷಭೇಂದ್ರಪ್ಪ ಕಟ್ಟಕಡೆಯ ಅಸ್ತ್ರ ಎತ್ತಿದರು. "ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಒಸ್ಲು ದಾಟಂಗಿಲ್ಲ! ಶಾಸ್ತ್ರ!"

"ಸರಿ ಬುಡಿ, ಶಾಸ್ತ್ರ ಮುರಿಯೋದ್ ಬ್ಯಾಡ," ಅಂತ ವೀರಮ್ಮ ಎದ್ದರು. ಸೊಪ್ಪಿನ ಮೊರವನ್ನು ಗಂಡನ ತೊಡೆಯ ಮೇಲಿಟ್ಟರು. ಒಳಹೋಗಿ ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಬಂದರು. "ಅವ್ಳು ಇರ್ಲಿ. ನಾನೇ ಹನೂರ್ಗೆ, ನಮ್ಮಣ್ಣನ ಮನೆಗೆ ಓಯ್ತೀನಿ. ಶ್ರಾವಣಕ್ಕೆ ಬತ್ತೀನಿ. ಭವ್ಯ, ಆ ಆಧಾರ್ ಕಾರ್ಡು ನಂದೂ ನಡೀತದೇನವ್ವ?"

"ನಡೀತದೆ ಅತ್ತೆ. ನಾನೇ ಬಸ್ ಅತ್ತುಸ್ತೀನಿ ಬನ್ನಿ."

ಅತ್ತೆ ಹಿತ್ತಿಲ ಬಾಗಿಲಿಂದ ಹೊರಟರು, ಸೊಸೆ ಮುಂಬಾಗಿಲಿಂದ. (ಶಾಸ್ತ್ರಕ್ಕೆ ಕೂದಲಷ್ಟೂ ಕೊಂಕಿಲ್ಲ.) ಪರಮೇಶ ಬಂದು ಅಪ್ಪನ ಮುಂದೆ ಕೈಚಾಚಿದ. ವೃಷಭೇಂದ್ರಪ್ಪ ತಾವೇ ಎರಡೂ ಕೀ ತೆಗೆದು ಕೊಟ್ಟರು. ಆಮೇಲೆ ಮೊರ ಹಿಡಿದುಕೊಂಡೇ ಹಿತ್ತಿಲಿಗೆ ಓಡಿ ಕೂಗಿದರು:

"ಲೇ ವೀರಾ! ಓಯ್ತೀನಿ ಅಂದ್ರೆ ಆಗೋಯ್ತಾ? ನನ್ನ ಒಂದ್ ಮಾತು ಕೇಳ್ಬಾರ್ದಾ?"

ವೀರಮ್ಮ ನಿಂತು ತಿರುಗಿ ನೋಡಿದರು. ನಡೆದರು.

ಓದಿ ನಗುತ್ತಿರುವ ಯಜಮಾನರೇ, ನಿಮ್ಮ ಮನೆಯಲ್ಲೂ ಈ ವರ್ಷ ಒಬ್ಬ ಹುಡುಗಿ ಬ್ಯಾಗು ಕಟ್ಟುತ್ತಿದ್ದಾಳೆ. ಪಂಚಾಂಗ ಕೆಳಗಿಡಿ. ಅವಳ ಎದುರಿಗೆ ಹೋಗಿ "ಹೋಗ್ತೀಯಾ, ಇರ್ತೀಯಾ?" ಅಂತ ಕೇಳಿ. ಉತ್ತರ ಬರುವ ತನಕ ಬಾಯಿ ಮುಚ್ಚಿಕೊಂಡು ನಿಂತಿರಿ.