ಯಾರ ಛಾವಣಿ ಕೆಳಗೆ

ಬ್ಯಾಡಗಿಯ ಮೈಲಾರೆಪ್ಪ ಗಂಜಿ ಒಲ್ಲೆ ಅಂದದ್ದೇ ಎಲ್ಲಕ್ಕೂ ಮೂಲ. ಮುದುಕ ಅವತ್ತು ಒಂದು ಬಟ್ಟಲು ಗಂಜಿ ಕುಡಿದಿದ್ದರೆ ಕೊಟ್ರೇಶ ಎಂದಿನಂತೆ ರಾಣೇಬೆನ್ನೂರಿನ ಬೀಜದ ಅಂಗಡಿಗೆ ಹೋಗಿ, ಹತ್ತಿಬೀಜದ ಪಾಕೀಟು ಮಾರಿ, ಸಂಜೆ ಮನೆಗೆ ಬಂದು ಕಾಲು ಚಾಚುತ್ತಿದ್ದ.

"ನಿನ್ನೆ ಮುಂಜಾನಿಂದ ಬಾಯಿಗೆ ಏನೂ ಹಚ್ಚಿಲ್ರಿ ಮಾಲಕರ," ಎಂದಳು ಫೋನಿನಲ್ಲಿ ಮೈಲಾರೆಪ್ಪನ ಹೆಂಡತಿ ಕರಿಯವ್ವ. "ಮಾತಾಡಿಸಿದ್ರ ಸುಮ್ನ ತೊಲಿ ನೋಡ್ಕೋತ ಮಲಗತಾರ. ಇನ್ನ ಭಾಳ ದಿನ ಇಲ್ಲ ಅನಸ್ತೈತಿ. ನಿಮಗೊಂದು ಮಾತು ತಿಳಿಸಿರೋಣಂತ ಮಾಡೇನಿ."

ಮೈಲಾರೆಪ್ಪ ಕೊಟ್ರೇಶನ ಬಾಡಿಗೆದಾರ. ಅವನಿಗಿದ್ದ ಒಬ್ಬನೇ ಬಾಡಿಗೆದಾರ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ತೂಗಿ ತೂಗಿ ಬೆನ್ನು ಬಾಗಿಸಿಕೊಂಡ ಮುದುಕ. ಕೊಟ್ರೇಶನಿಗೆ ಪಾಪ ಅನ್ನಿಸಿತು. ಆ ಪಾಪ ಎದುರು ಕೂತಿದ್ದ ಹಾಲಸಿದ್ದಪ್ಪ ಚಹಾದ ಕಪ್ಪು ಕೆಳಗಿಡುವವರೆಗೆ ಮಾತ್ರ ಇತ್ತು.

ಹಾಲಸಿದ್ದಪ್ಪ ಎದುರುಮನೆಯವನು, ನಿವೃತ್ತ ಗುಮಾಸ್ತ. ಮುಂಜಾನೆ ಸಂಜೆ ಕೊಟ್ರೇಶನ ಸೋಫಾದಲ್ಲೇ ಅವನ ಠಿಕಾಣಿ. ಅವನ ಭಾರಕ್ಕೆ ಸೋಫಾದ ಒಂದು ಮೂಲೆ ತಗ್ಗು ಬಿದ್ದಿತ್ತು. ಮಾತಿನ ನಡುವೆ ಎದೆ ತಿಕ್ಕಿಕೊಂಡು, ತೇಗಿ, "ಗ್ಯಾಸ್" ಅನ್ನುವುದು ಅವನ ರೂಢಿ. ಕೊಟ್ರೇಶನಿಗೆ ಮನೆ ಕೊಳ್ಳುವ ಹುಚ್ಚು ಹಿಡಿಸಿದ್ದೂ ಇವನೇ. "ಸಣ್ಣದೊಂದು ಮನಿ ತಗೋ. ಬಾಡಿಗಿ ಕೊಡು. ಬಾಡಿಗಿಯಿಂದ ಬ್ಯಾಂಕಿನ ಕಂತು ಕಟ್ಟು. ಕಂತು ಮುಗದ ದಿನ ಮನಿ ಪುಕ್ಕಟೆ ನಿಂದು" ಎಂದು ವರ್ಷಗಟ್ಟಲೆ ಕೊರೆದಿದ್ದ. ತಾನು ಮಾತ್ರ ಮದುವೆಯಾದಾಗಿನಿಂದ ಬಾಡಿಗೆ ಮನೆಯಲ್ಲೇ ಇದ್ದ. ಅದನ್ನು ಕೇಳುವಷ್ಟು ಬುದ್ಧಿ ಕೊಟ್ರೇಶನಿಗೆ ಹೊಳೆಯಲಿಲ್ಲ. ಹೆಂಡತಿ ಸುರೇಖಾಳ ಕೊರಳಿನ ಚಿನ್ನದ ಬೋರಮಾಳ ಮಾರಿ, ಉಳಿದದ್ದಕ್ಕೆ ಸಾಲ ಎತ್ತಿ, ಬಾಡಿಗೆದಾರನ ಸಮೇತ ಬ್ಯಾಡಗಿಯ ಮನೆ ಕೊಂಡು ಇನ್ನೂ ಮೂರು ತಿಂಗಳಾಗಿತ್ತು.

ಹಾಲಸಿದ್ದಪ್ಪ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಕನ್ನಡಕ ಏರಿಸಿದ.

"ಇವತ್ತ ಮಧ್ಯಾಹ್ನ ಹನ್ನೆರಡಕ್ಕ ಪಂಚಕ ಹತ್ತತೈತಲೋ ಕೊಟ್ರೇಶಿ. ಸಾವಿಗೆ ಕೆಟ್ಟ ಐದು ದಿನ. ಅದರಾಗ ಆ ಮುದುಕ ಹೋದ್ನಂದ್ರ ನಿನ್ನ ಮನಿ ಮುಗೀತು."

"ಯಾಕ ಕಾಕಾ?"

"ಪಂಚಕದಾಗ ಹೆಣ ಬಿದ್ದ ಮನಿ ಆರು ತಿಂಗಳ ಬಿಡಬೇಕು. ಬೀಗ ಹಾಕಿ ಬಾಗಲಿಗೆ ಮುಳ್ಳಕಂಟಿ ಬಡೀಬೇಕು. ಹೋದ ವರ್ಷ ಮೂಲಿ ಅಂಗಡಿ ಫಕ್ಕೀರಪ್ಪನ ಮನಿ ನೋಡಲಿಲ್ಲೇನು? ನಾನs ಮುಂದ ನಿಂತು ಬಿಡಿಸಿದೆ."

"ಆದ್ರ ಅಂವ ಬಾಡಿಗಿದಾಂವ ಕಾಕಾ. ನಮ್ಮ ಪೈಕಿ ಅಲ್ಲ."

"ಸತ್ತಾಂವ ಯಾರು ಅನ್ನೂದಲ್ಲ ಲೆಕ್ಕ. ಯಾರ ಛಾವಣಿ ಕೆಳಗ ಸತ್ತ ಅನ್ನೂದು ಲೆಕ್ಕ. ಆರು ತಿಂಗಳಾದ ಮ್ಯಾಲೂ ಅದು ಪಂಚಕದ ಮನಿ ಅಂತ ಯಾರೂ ಬಾಡಿಗಿಗೆ ಬರೂದಿಲ್ಲ, ಕೊಳ್ಳೂದೂ ಇಲ್ಲ."

ಕೊಟ್ರೇಶನ ಕೈಯಲ್ಲಿದ್ದ ಚಹಾ ಆರಿತು. ಬಾಡಿಗೆ ನಿಂತರೆ ಕಂತು ನಿಲ್ಲುತ್ತದೆ. ಕಂತು ನಿಂತರೆ ಮನೆಯೂ ಹೋಯಿತು, ಬೋರಮಾಳವೂ ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಸುರೇಖಾ ಬರಿಗೊರಳಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು.

ಅಂಗಡಿಗೆ ರಜೆ ಹೇಳಿ, ಹಾಲಸಿದ್ದಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕೊಟ್ರೇಶ ಬ್ಯಾಡಗಿಯ ದಾರಿ ಹಿಡಿದ. ಮೋಟೆಬೆನ್ನೂರು ಬರುವವರೆಗೂ ಹಾಲಸಿದ್ದಪ್ಪ ಪಂಚಕದಲ್ಲಿ ಹಾಳಾದ ಮನೆತನಗಳ ಕತೆ ಹೇಳಿದ. ನಡುನಡುವೆ ಕೊಟ್ರೇಶನ ಬೆನ್ನಿಗೆ ತೇಗಿದ.

ಮೈಲಾರೆಪ್ಪ ಹೊರಸಿನ ಮೇಲೆ ಅಂಗಾತ ಮಲಗಿದ್ದ. ಮೂಗು ಕಟ್ಟಿ, ಬಾಯಿ ತೆರೆದು, ಉಸಿರು ಗೊರಗೊರ ಅನ್ನುತ್ತಿತ್ತು. ಕೊಟ್ರೇಶ ಹತ್ತಿರ ಕೂತು ಕೈ ಹಿಡಿದ.

"ಅಜ್ಜಾರ, ಹಾವೇರಿ ದೊಡ್ಡಾಸ್ಪತ್ರಿಗೆ ಹೋಗೂಣ ಬರ್ರಿ. ಖರ್ಚು ನನ್ನದು."

ಮುದುಕ ಒಂದು ಕಣ್ಣು ತೆರೆದ. "ಆಸ್ಪತ್ರಿಗೆ ನಾ ಬರಂಗಿಲ್ರಿ ಮಾಲಕರ. ಸಾಯೂದಾದ್ರ ನನ್ನ ಮನಿಯಾಗ ಸಾಯ್ತೇನಿ. ಮನಿ ತಗೊಂಡ ದಿನ ನೀವs ಅಂದಿದ್ರೆಲ್ಲ, ನಿಮ್ಮ ಮನಿ ಅಂತ ತಿಳಕೊಂಡು ಇರ್ರಿ ಅಂತ."

ಅಂದದ್ದು ಖರೆ. ಬಾಯಿಮಾತಿಗೆ ಅಂದದ್ದನ್ನು ಮುದುಕ ಇಷ್ಟು ಮನಸ್ಸಿಗೆ ಹಚ್ಚಿಕೊಂಡಾನೆಂದು ಕೊಟ್ರೇಶನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಮುತ್ತವ್ವ ಸೆರಗು ಸಿಕ್ಕಿಸಿಕೊಂಡು ಬಂದಳು. ಪಂಚಕದ ಸುದ್ದಿ ಅವಳಿಗೂ ಮುಟ್ಟಿತ್ತು. "ನಮ್ಮಿಬ್ಬರದೂ ನಡುವಿನ ಗ್ವಾಡಿ ಒಂದs ಐತ್ರಿ. ನಿಮ್ಮ ಮನಿ ಪಂಚಕ ಗ್ವಾಡಿ ದಾಟಿ ಬರೂದಿಲ್ಲಂತ ಏನ ಗ್ಯಾರಂಟಿ? ಏನಾರ ಮಾಡ್ರಿ, ಲಗೂ ಮಾಡ್ರಿ."

ಹಾಲಸಿದ್ದಪ್ಪ ಗಡಿಯಾರ ನೋಡಿ ಕೊಟ್ರೇಶನ ಕಿವಿಯಲ್ಲಿ ಹೇಳಿದ: "ಛಾವಣಿ ಕೆಳಗ ಇರಬಾರದು, ಅಷ್ಟs. ಹೊರಸಿನ ಸಮೇತ ಎತ್ತಿ ಹೊರಗ ಬೇವಿನ ಗಿಡದ ಕೆಳಗ ಇಡು."

"ಯಾಕ್ರಿ ಮಾಲಕರ?" ಎಂದಳು ಕರಿಯವ್ವ.

"ಗಾಳಿ ಬೀಸತೈತಿ ಯವ್ವಾ," ಎಂದ ಕೊಟ್ರೇಶ. ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ತಲೆಯ ಕಡೆ ಕೊಟ್ರೇಶ, ಕಾಲಿನ ಕಡೆ ಹಾಲಸಿದ್ದಪ್ಪ ಮತ್ತು ಮುತ್ತವ್ವ. ಹೊರಸು ಎದ್ದಿತು, ಪಡಸಾಲೆ ದಾಟಿತು, ಬಾಗಿಲಲ್ಲಿ ಸಿಕ್ಕಿತು. ಮನೆ ಕೊಳ್ಳುವಾಗ ಕೊಟ್ರೇಶ ಗೋಡೆ ಬಡಿದು ನೋಡಿದ್ದ, ನಲ್ಲಿ ತಿರುವಿ ನೋಡಿದ್ದ, ಬಾಗಿಲ ಅಗಲ ಮಾತ್ರ ನೋಡಿರಲಿಲ್ಲ. ಅತ್ತ ಎಳೆದರು, ಇತ್ತ ನೂಕಿದರು, ಓರೆ ಮಾಡಿದರು. ಹೊರಸು ಗೂಟ ಹೊಡೆದಂತೆ ನಿಂತಿತು. ಮೈಲಾರೆಪ್ಪನ ತಲೆ ಬಿಸಿಲಿನಲ್ಲಿ, ಕಾಲು ಪಡಸಾಲೆಯಲ್ಲಿ.

ಹನ್ನೆರಡಕ್ಕೆ ಐದು ನಿಮಿಷ ಇತ್ತು. ಕೊಟ್ರೇಶ ಬೆವರು ಒರೆಸಿಕೊಂಡು ಸಣ್ಣ ದನಿಯಲ್ಲಿ ಕೇಳಿದ: "ಕಾಕಾ, ಅರ್ಧ ಒಳಗ ಅರ್ಧ ಹೊರಗ ಇದ್ದಾಗ ಹೋದ್ರ ಮೂರು ತಿಂಗಳ ಬಿಟ್ರ ಸಾಕೇನು?"

ಹಾಲಸಿದ್ದಪ್ಪನಿಗೂ ಇದು ಹೊಸ ಪ್ರಶ್ನೆ. ಅವನು ಎದೆ ತಿಕ್ಕಿಕೊಳ್ಳುತ್ತಾ ಯೋಚಿಸಿದ. "ತಲಿ ಎಲ್ಲೈತಿ ಅನ್ನೂದು ಮುಖ್ಯ. ಆದ್ರ ಯಾವುದಕ್ಕೂ ಇನ್ನೊಂದ ಸಲ ಜಗ್ಗು."

ಮುತ್ತವ್ವ ಒಂದು ಕೊಡಲಿ ತಂದಳು. ಕೊಟ್ರೇಶ ತನ್ನ ಸ್ವಂತ ಮನೆಯ, ಇನ್ನೂ ಕಂತು ತೀರದ ಚೌಕಟ್ಟಿಗೆ ತಾನೇ ನಾಲ್ಕು ಏಟು ಹಾಕಿದ. ಸಿಬಿರು ಹಾರಿತು, ಹೊರಸು ಬಿಟ್ಟಿತು, ಎಲ್ಲರೂ ಬೇವಿನ ಗಿಡದ ಬುಡಕ್ಕೆ ಮುಗ್ಗರಿಸಿದರು.

ಹೊರಗೆ ಹೊರಸು ಕಂಡ ಓಣಿ ಸುಮ್ಮನಿರುತ್ತದೆಯೇ. ಮುದುಕ ಹೋಗಿಯೇಬಿಟ್ಟ ಎಂದು ಮಂದಿ ಕೂಡಿದರು. ಒಬ್ಬಾಕೆ ಅವನ ಗುಣಗಳನ್ನು ಹಾಡಿಕೊಂಡು ಅಳತೊಡಗಿದಳು. ಯಾರೋ ಚೆಂಡುಹೂವಿನ ಮಾಲೆ ತಂದು ಎದೆಯ ಮೇಲಿಟ್ಟರು. ಕರಿಯವ್ವ "ಇನ್ನೂ ಅದಾರ, ಇನ್ನೂ ಅದಾರ" ಎಂದು ಹೇಳಿದ್ದು ಯಾರಿಗೂ ಕೇಳಲಿಲ್ಲ.

ಆಗ ಬಂತು ಮೌಲಾಸಾಬನ ಟ್ರ್ಯಾಕ್ಟರು, ಮಾರುಕಟ್ಟೆಗೆ ಒಣಮೆಣಸಿನಕಾಯಿ ಹೇರಿಕೊಂಡು. ದಾರಿಗೆ ಅಡ್ಡ ಮಂದಿ ಕಂಡು ಅವನು ಗಕ್ಕನೆ ನಿಲ್ಲಿಸಿದ. ಮೇಲಿನ ಚೀಲವೊಂದು ಉರುಳಿ, ಹೊರಸಿನ ಪಕ್ಕದಲ್ಲೇ ಬಿದ್ದು ಒಡೆಯಿತು. ಕೆಂಪು ಧೂಳು ಎದ್ದಿತು. ಅಳುತ್ತಿದ್ದವಳು ಸೀನಿದಳು, ಮಾಲೆ ತಂದವನು ಸೀನಿದ, ಓಣಿಗೆ ಓಣಿಯೇ ಸೀನಿತು. ಎಲ್ಲರಿಗಿಂತ ಜೋರಾಗಿ ಸೀನಿದವನು ಮೈಲಾರೆಪ್ಪ. ಮೇಲಿಂದ ಮೇಲೆ ಸೀನಿ, ಮಾಲೆ ಹಾರಿಸಿ, ಎದ್ದು ಕೂತ. ಕಟ್ಟಿದ್ದ ಮೂಗು ಬಿಟ್ಟಿತ್ತು.

"ಚಲೋ ಮಾಲು," ಎಂದ ಮುದುಕ ಮೂಗು ಒರೆಸಿಕೊಂಡು. "ಒಂದು ರೊಟ್ಟಿ ಕೊಡs, ಹಸಿವಾಗೈತಿ."

ಕೊಟ್ರೇಶನಿಗೆ ಅಳು ಬಂತು. ಸಂತೋಷದಿಂದ ಮುದುಕನ ಕಾಲು ಹಿಡಿದ. ಮೈಲಾರೆಪ್ಪ ಅವನನ್ನೇ ದಿಟ್ಟಿಸಿ, ಒಡೆದ ಚೌಕಟ್ಟು ನೋಡಿ, ಮೆಲ್ಲಗೆ ಅಂದ: "ಪಂಚಕ ಹತ್ತೂದು ನನಗೂ ಗೊತ್ತೈತ್ರಿ ಮಾಲಕರ. ಜೀವ ಇದ್ದಾಗs ಹೊರಗ ಹಾಕಿದ್ರಿ."

ಕೊಟ್ರೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಓಣಿಯೆಲ್ಲ ನೋಡುತ್ತಿತ್ತು. ನಾಚಿಕೆಗೆ ಬಾಯಿ ತಾನಾಗಿ ತೆರೆಯಿತು. "ತಪ್ಪಾತ್ರಿ ಅಜ್ಜಾರ. ಈ ಮಂದಿ ಮುಂದ ಆಣಿ ಮಾಡಿ ಹೇಳತೇನಿ. ಇನ್ನ ಮೂರು ವರ್ಷ ಈ ಮನಿ ನಿಮ್ಮದು. ಯಾರನ್ನ ಇಟ್ಕೋತೀರಿ, ಯಾರನ್ನ ಬಿಡ್ತೀರಿ, ನಾ ಕೇಳಂಗಿಲ್ಲ."

ಗಂಡಾಂತರ ಕಳೆದ ಖುಷಿಗೆ ಹಾಲಸಿದ್ದಪ್ಪ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ತಿಂದ. ಒಂದು ಪ್ಲೇಟು ತಿಂದು ಇನ್ನೊಂದು ತರಿಸಿದ. ರೊಕ್ಕ ಕೊಟ್ರೇಶನೇ ಕೊಟ್ಟ. ರಾಣೇಬೆನ್ನೂರು ಮುಟ್ಟಿದಾಗ ಹಾಲಸಿದ್ದಪ್ಪ ತನ್ನ ಮನೆಗೆ ಹೋಗದೆ ಸೀದಾ ಬಂದು ಸೋಫಾದ ತಗ್ಗಿನಲ್ಲಿ ಕೂತ.

"ಎದಿ ಭಾರಾಗೈತಿ. ಗ್ಯಾಸ್. ಸುರೇಖಾ, ಅಲ್ಲಾ ಜಜ್ಜಿ ಹಾಕಿ ಚಹಾ ಮಾಡವಾ. ಅಲ್ಲೀತನಾ ಒಂದೀಟು ಕಣ್ಣ ಮುಚ್ಚತೇನಿ."

ಸುರೇಖಾ ಚಹಾ ತಂದಳು, ಕರೆದಳು, ಮತ್ತೆ ಕರೆದಳು. ಕೊಟ್ರೇಶ ಭುಜ ಹಿಡಿದು ಅಲುಗಿಸಿದ. ತಲೆ ಪಕ್ಕಕ್ಕೆ ವಾಲಿತು. ಅಷ್ಟು ವರ್ಷ ತಲೆ ತಿಂದಿದ್ದರೂ ಕಾಕಾ ಕಾಕಾನೇ. ಕೊಟ್ರೇಶನಿಗೆ ಖರೇ ಅಳು ಬಂತು. ಆದರೆ ಅಳುವುದಕ್ಕೆ ಮೊದಲು ಅವನ ಕಣ್ಣು ಮೇಲೆ ಛಾವಣಿಯತ್ತ ಹೋಯಿತು.

"ಸುರೇಖಾ," ಎಂದ ಒಣಗಿದ ದನಿಯಲ್ಲಿ. "ಸೋಫಾ ಆ ಕಡೆಯಿಂದ ಎತ್ತು."

ಸೋಫಾ ಹೊಸ್ತಿಲ ತನಕ ಬಂದಿತ್ತು, ಆಗ ಹಾಲಸಿದ್ದಪ್ಪನ ಮಗ ಯುವರಾಜ ಅಪ್ಪನನ್ನು ಊಟಕ್ಕೆ ಕರೆಯಲು ಬಂದು ಬಾಗಿಲಲ್ಲಿ ನಿಂತ. ಅವನ ಕೂಗಿಗೆ ಓಣಿ ಕೂಡಿತು. ಮೂಲೆ ಅಂಗಡಿಯ ಫಕ್ಕೀರಪ್ಪ ಎಲ್ಲರಿಗಿಂತ ಮುಂದೆ ಬಂದ. ಹಾಲಸಿದ್ದಪ್ಪನ ಮಾತಿಗೆ ಆರು ತಿಂಗಳು ತಗಡಿನ ಶೆಡ್ಡಿನಲ್ಲಿ ಸಂಸಾರ ಮಾಡಿದವನು ಅವನು.

"ಪಾಪ, ದೊಡ್ಡ ಮನಷ್ಯಾ," ಎಂದು ಕಣ್ಣೊರೆಸಿಕೊಂಡು, ಫಕ್ಕೀರಪ್ಪ ಕ್ಯಾಲೆಂಡರ್ ನೋಡಿದ. "ಪಂಚಕ ಹತ್ತೈತಿ. ಮನಿ ಬಿಡಬೇಕಲ್ಲಪಾ ಕೊಟ್ರೇಶಿ."

"ಅಂವ ನಮ್ಮ ಮನಿಯಾಂವ ಅಲ್ಲ. ಚಹಾಕ್ಕ ಬಂದಿದ್ದ."

"ಸತ್ತಾಂವ ಯಾರು ಅನ್ನೂದಲ್ಲ, ಯಾರ ಛಾವಣಿ ಅನ್ನೂದು. ಅಂವನs ನಮಗೆಲ್ಲಾ ಹೇಳಿಕೊಟ್ಟಾನ. ಸತ್ತಾಂವನ ಮಾತು ಮೀರಬಾರದು."

ಕೊಟ್ರೇಶ ಹೆಂಡತಿಯ ಮುಖ ನೋಡಿದ. "ನಾ ಈ ಮನಿಯಾಗ ಒಲಿ ಹಚ್ಚಂಗಿಲ್ರಿ," ಎಂದಳು ಸುರೇಖಾ. ಮಣ್ಣು ನಾಳೆ ಮುಂಜಾನೆ ಎಂದು ತೀರ್ಮಾನವಾಯಿತು. ಹೆಣವನ್ನು ಎದುರುಮನೆಗೆ ಒಯ್ದರು. ಕೊಟ್ರೇಶನ ಮನೆಗೆ ಬೀಗ ಮಾತ್ರ ಇವತ್ತೇ ಬಿತ್ತು. ಮುಳ್ಳಕಂಟಿಯನ್ನು ಫಕ್ಕೀರಪ್ಪ ತನ್ನ ಕೈಯಾರೆ ಬಡಿದ.

ಊರಲ್ಲಿ ಖಾಲಿ ಮನೆ ಇದ್ದವರಿಗೆಲ್ಲ ಕೊಟ್ರೇಶ ಫೋನು ಮಾಡಿದ. ಸುದ್ದಿ ಅವನಿಗಿಂತ ಮುಂಚೆ ಓಡಿತ್ತು. ಪಂಚಕದ ಮನೆಯಿಂದ ಎದ್ದುಬಂದವರಿಗೆ ಯಾರ ಮನೆಯೂ ಖಾಲಿ ಇರಲಿಲ್ಲ. ಕೊನೆಗೆ ಎರಡು ಚೀಲ ಹಿಡಿದು ಗಂಡ ಹೆಂಡತಿ ಬೈಕಿನಲ್ಲಿ ಬ್ಯಾಡಗಿಯ ದಾರಿ ಹಿಡಿದರು.

ಹೊತ್ತು ಮುಳುಗುತ್ತಿತ್ತು. ಮೈಲಾರೆಪ್ಪ ಪಡಸಾಲೆಯಲ್ಲಿ ಕೂತು ರೊಟ್ಟಿಗೆ ಕೆಂಪುಖಾರ ಹಚ್ಚಿಕೊಂಡು ತಿನ್ನುತ್ತಿದ್ದ. ಎಲ್ಲ ಕೇಳಿದ, ಲೊಚಗುಟ್ಟಿದ.

"ಪಡಸಾಲಿ ಬಿಟ್ಟುಕೊಡ್ತೇನ್ರಿ. ನಿಮಗ ನಾ ಎಷ್ಟು ಬಾಡಿಗಿ ಕೊಡ್ತೇನಿ ಅಷ್ಟs ನನಗ ಕೊಡ್ರಿ. ಅದನ್ನs ತಿರುಗಿ ಒಂದನೇ ತಾರೀಖಿಗೆ ನಿಮಗ ಕೊಡ್ತೇನಿ. ನಿಮ್ಮ ಕಂತಿಗೆ ತೊಂದರಿ ಆಗಬಾರದು ನೋಡ್ರಿ."

"ಅಜ್ಜಾರ, ಇದು ನನ್ನ ಮನಿ," ಎಂದ ಕೊಟ್ರೇಶ.

"ಮೂರು ವರ್ಷ ನಮ್ಮದು ಅಂದೀರಿ. ಓಣಿ ಕೇಳೈತಿ." ಮುದುಕ ತಟ್ಟೆ ಪಕ್ಕಕ್ಕಿಟ್ಟು ಕೊಟ್ರೇಶನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದ. "ಮತ್ತೊಂದು ಮಾತು. ನಿಮ್ಮ ಮಾರಿ ಭಾಳ ಸೊರಗೈತಿ. ಪಂಚಕ ಮುಗಿಯೂತನಾ ನೀವೊಬ್ರು ಹೊರಗ ಮಲಗ್ರಿ. ಹೆಚ್ಚು ಕಮ್ಮಿ ಆತಂದ್ರ ಈ ವಯಸ್ಸಿನಾಗ ನಾವು ಮನಿ ಬಿಟ್ಟು ಎಲ್ಲಿ ಹೋಗೂಣ?"

ಸುರೇಖಾ ತಲೆ ತಗ್ಗಿಸಿ ಚೀಲ ಎತ್ತಿಕೊಂಡು ಒಳಗೆ ಹೋದಳು. ಕರಿಯವ್ವ ಬೇವಿನ ಗಿಡದ ಕೆಳಗಿದ್ದ ಹೊರಸಿನ ಮೇಲೊಂದು ಕೌದಿ ಹಾಸಿದಳು. ಕೊಟ್ರೇಶ ಅದರ ಮೇಲೆ ಅಂಗಾತ ಮಲಗಿದ. ತಲೆಯ ಕೆಳಗೆ ಏನೋ ಒತ್ತಿತು. ತೆಗೆದು ನೋಡಿದರೆ ಮಧ್ಯಾಹ್ನದ ಚೆಂಡುಹೂವಿನ ಮಾಲೆ.

"ಗಾಳಿ ಬೀಸತೈತಿ ಅಲ್ಲಿ," ಎಂದ ಮೈಲಾರೆಪ್ಪ, ಒಡೆದ ಚೌಕಟ್ಟಿನ ಬಾಗಿಲನ್ನು ಎಳೆದುಕೊಳ್ಳುತ್ತಾ. "ಸಂಕೋಚ ಮಾಡ್ಕೋಬ್ಯಾಡ್ರಿ ಮಾಲಕರ. ನಿಮ್ಮ ಮನಿ ಅಂತ ತಿಳಕೋರಿ."

ಒಳಗಿನಿಂದ ಅಗಳಿ ಬಿತ್ತು.